ಹಳದಿ ಮೀನಿನ ಗಾಯ

ಅವಳ ನಿಜವಾದ ಹೆಸರು ಆ ಮೂಳೆ ಆಸ್ಪತ್ರೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಮೊಣಕೈವರೆಗೂ ಬಿಳಿ ಪುಡಿ ಹತ್ತಿಕೊಂಡಿರುತ್ತಿದ್ದ ಕೈಗಳನ್ನು ನೋಡಿ ಯಾರೋ ಉಪ್ಪಮ್ಮ ಅಂದರು, ಅದೇ ನಿಂತಿತು. ರೋಗಿಗಳು ಕಾಯುವ ಹಾಲ್‌ನಲ್ಲಿ ಗೋಡೆಯುದ್ದಕ್ಕೂ ಇದ್ದ ಸಮುದ್ರ ಮೀನಿನ ತೊಟ್ಟಿಯನ್ನು ನೋಡಿಕೊಳ್ಳುವುದು ಅವಳ ಕೆಲಸ. ಮೊದಲು ಅಲಂಕಾರದ ಮೀನು ಮಾರುವ ಅಂಗಡಿಯೊಂದರಲ್ಲಿದ್ದಳು. ದೂರದಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಬಂದಿಳಿಯುವ ಮೀನುಗಳಲ್ಲಿ ಕಾಯಿಲೆ ಬಿದ್ದದ್ದು ಯಾವುದು, ಬರೀ ಪೆಟ್ಟು ತಿಂದದ್ದು ಯಾವುದು ಎಂದು ಬೇರೆ ಮಾಡುತ್ತಾ ಮಾಡುತ್ತಾ ಅವಳ ಕಣ್ಣು ಪಳಗಿತ್ತು. ಬಾಯಿ ಹುಟ್ಟುವಾಗಲೇ ಪಳಗಿತ್ತು ಅನ್ನುತ್ತಿದ್ದಳು ಅವಳ ನಾದಿನಿ. ಆಕೆ ಅದೇ ಆಸ್ಪತ್ರೆಯಲ್ಲಿ ಆಯಾ. ಮುರುಕು ಗಾಲಿಕುರ್ಚಿಗಳ ಕೋಣೆಯ ಬೀಗದ ಕೈ ಆಕೆಯ ಸೊಂಟದಲ್ಲಿರುತ್ತಿತ್ತು.

ಒಂದು ಬೆಳಿಗ್ಗೆ ಉಪ್ಪಮ್ಮ ದೀಪ ಹಾಕಿದಾಗ ತಟ್ಟೆಯಂತೆ ಚಪ್ಪಟೆಯಾದ ಹಳದಿ ಮೀನಿನ ಎಡ ಪಕ್ಕೆಯ ಮೇಲೆ ಉದ್ದನೆಯ ಗೀರು ಕಂಡಿತು. ಹುರುಪೆ ಎದ್ದು, ಒಳಗಿನ ಮಾಂಸ ಕೆಂಪಗೆ ಕಾಣುತ್ತಿತ್ತು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಮೈಮೇಲೆ ಬಿಳಿ ಚುಕ್ಕೆ ಇಲ್ಲ, ಕಲ್ಲಿಗೆ ಮೈ ಉಜ್ಜುತ್ತಿಲ್ಲ, ಕಿವಿರು ಅವಸರವಾಗಿ ಬಡಿದುಕೊಳ್ಳುತ್ತಿಲ್ಲ. ಇನ್ನೊಂದು ಪಕ್ಕೆ ನುಣ್ಣಗಿದೆ. ಮೇವು ಹಾಕಿದರೆ ಓಡಿ ಬಂದಿತು.

"ಇದು ರೋಗ ಅಲ್ಲ, ಪೆಟ್ಟು," ಎಂದಳು.

ಅಷ್ಟರಲ್ಲಿ ಮ್ಯಾನೇಜರು ಬಂದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಹಾಲ್‌ನಲ್ಲಿ ಒಂದು ಕುರ್ಚಿ ಸೊಟ್ಟಗಿದ್ದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ. "ಪೇಷೆಂಟುಗಳು ತಮ್ಮ ಗಾಯ ನೋಡಿ ನೋಡಿ ಸಾಕಾಗಿ ಬಂದಿರ್ತಾರೆ. ಇಲ್ಲೂ ಗಾಯ ತೋರಿಸೋದಾ? ಅದನ್ನ ತೆಗೆದು ಎಸೀರಿ. ಉಳಿದವಕ್ಕೂ ಹರಡೋ ಮೊದಲು ತೊಟ್ಟಿಗೆಲ್ಲಾ ಔಷಧ ಹಾಕಿಬಿಡಿ."

"ಎಸೆಯಲ್ಲ ಸಾರ್. ಔಷಧಾನೂ ಹಾಕಲ್ಲ. ಆ ತಾಮ್ರದ ಔಷಧ ಬಿದ್ರೆ ಹವಳ, ಸೀಗಡಿ ಎಲ್ಲಾ ಸತ್ತು ಮಲಗ್ತವೆ."

"ನಾನು ಕೇಳ್ತಿಲ್ಲ ಉಪ್ಪಮ್ಮ, ಹೇಳ್ತಿದ್ದೀನಿ."

"ನಾನೂ ಹೇಳ್ತಾನೇ ಇದ್ದೀನಿ."

ಮ್ಯಾನೇಜರು ತೊಟ್ಟಿಯ ಕೆಳಗಿದ್ದ ಔಷಧದ ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿದರು. ಉಪ್ಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಗೆ ಬೆನ್ನು ಕೊಟ್ಟು ನಿಂತಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡವರು, ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಷ್ಟು ಜನರ ಮುಂದೆ ಹೆಂಗಸಿನ ಜೊತೆ ಎಳೆದಾಡುವುದು ಮ್ಯಾನೇಜರಿಗೆ ಆಗಲಿಲ್ಲ. ದೊಡ್ಡ ಡಾಕ್ಟರ ಹೆಂಡತಿ ಊರಿಂದ ಬರಲಿ, ಅವರೇ ತೀರ್ಮಾನ ಮಾಡಲಿ ಎಂದು ಒಳಗೆ ಹೋದರು. ಆ ತೊಟ್ಟಿಯನ್ನು ಇಡಿಸಿದ್ದೇ ಆಕೆ.

ಉಪ್ಪಮ್ಮ ಮೀನಿಗೆ ಬಲೆ ಹಾಕಲಿಲ್ಲ. ಆ ಜಾತಿಗೆ ಬಾಲದ ಬುಡದಲ್ಲಿ ಚೂಪಾದ ಮುಳ್ಳಿರುತ್ತದೆ; ಬಲೆಗೆ ಸಿಕ್ಕಿಕೊಂಡರೆ ಇನ್ನಷ್ಟು ಹರಿದುಕೊಳ್ಳುತ್ತದೆ. ಡಬ್ಬಿಯೊಂದನ್ನು ಮುಳುಗಿಸಿ, ಮೆಲ್ಲಗೆ ಮೂಲೆಗೆ ಅಟ್ಟಿ, ನೀರಿನ ಸಮೇತ ಎತ್ತಿಕೊಂಡು ಸೀದಾ ನಾದಿನಿಯ ಗಾಲಿಕುರ್ಚಿ ಕೋಣೆಗೆ ನಡೆದಳು.

"ಅತ್ತಿಗೆ, ಇಲ್ಲಿ ಕುರ್ಚಿಗೇ ಜಾಗ ಇಲ್ಲ. ಮೀನಿಗೂ ವಾರ್ಡ್ ಮಾಡ್ತೀರಾ?"

"ಮಾಡ್ತೀನಿ. ನೀನು ಫಿನಾಯಿಲ್ ಬಕೆಟ್ ಆಚೆ ತಗೊಂಡು ಹೋಗು. ಅದರ ಒಂದು ಹನಿ ಬಿದ್ರೂ ಸಾಯುತ್ತೆ."

ನಾದಿನಿ ಗೊಣಗಿಕೊಂಡೇ ಬಕೆಟ್ ಎತ್ತಿದಳು. ಸಣ್ಣ ಗಾಜಿನ ತೊಟ್ಟಿಗೆ ದೊಡ್ಡ ತೊಟ್ಟಿಯ ನೀರನ್ನೇ ತುಂಬಿ, ನೀರು ಬೆಚ್ಚಗಿಡುವ ಹೀಟರು, ಗಾಳಿಯ ಕೊಳವೆ ಇಟ್ಟು, ಹೆದರಿದರೆ ಅವಿತುಕೊಳ್ಳಲಿ ಎಂದು ಪೈಪಿನ ತುಂಡೊಂದನ್ನು ಹಾಕಿದಳು ಉಪ್ಪಮ್ಮ. ಗಾಯಕ್ಕೆ ಏನನ್ನೂ ಬಳಿಯಲಿಲ್ಲ. ಶುದ್ಧ ನೀರು, ನೆಮ್ಮದಿ, ಹೊಟ್ಟೆತುಂಬ ಸಮುದ್ರದ ಪಾಚಿ, ಮೊದಲ ಚಿಕಿತ್ಸೆ ಅದೇ ಎನ್ನುವುದು ಅವಳ ನಂಬಿಕೆ.

ಆದರೆ ಪೆಟ್ಟು ಕೊಟ್ಟವರು ಯಾರು? ಅವಳ ಅನುಮಾನ ಹೋದದ್ದು ಕಪ್ಪು ಮೀನಿನ ಮೇಲೆ. ಕಂಡವರಿಗೆಲ್ಲ ಕಚ್ಚಲು ಹೋಗುವ ಜಗಳಗಂಟ ಅದು. ಹಿಂದೆಮುಂದೆ ನೋಡದೆ ತೊಟ್ಟಿಯಲ್ಲೇ ಜಾಲರಿಯೊಂದನ್ನು ಅಡ್ಡ ಇಟ್ಟು ಅದನ್ನು ಆಚೆ ಕೂಡಿಹಾಕಿದಳು. ಮಾರನೆಯ ದಿನ ನೋಡಿದರೆ ಇನ್ನೊಂದು ಮೀನಿನ ಮೈಮೇಲೂ, ಆಳವಿಲ್ಲದಿದ್ದರೂ, ಅಂಥದ್ದೇ ನೆಟ್ಟನೆಯ ಗೀರು. ಉಪ್ಪಮ್ಮ ಹಣೆ ಚಚ್ಚಿಕೊಂಡಳು. ಕಚ್ಚಿದ್ದರೆ ರೆಕ್ಕೆ ಅರ್ಧಚಂದ್ರವಾಗಿ ಹರಿಯಬೇಕಿತ್ತು. ಇದು ಕೊಯ್ದ ಗಾಯ. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಕೋಪಕ್ಕೆ ಕಣ್ಣು ಕೊಟ್ಟಿದ್ದಳು.

"ತಪ್ಪಾಯ್ತು ಕಣಪ್ಪ," ಎಂದು ಕಪ್ಪು ಮೀನನ್ನು ಬಿಟ್ಟು, ತೊಟ್ಟಿಯೊಳಗಿನ ಒಂದೊಂದು ಕಲ್ಲನ್ನೂ ಬೆರಳಿನಿಂದ ತಡವಿದಳು. ಡಾಕ್ಟರ ಹೆಂಡತಿ ಆಸೆಪಟ್ಟು ತಂದಿಟ್ಟ ಆಟಿಕೆ ಹಡಗಿನ ಹತ್ತಿರ ಬಂದಾಗ ಬೆರಳು ಚುರ್ರೆಂದಿತು. ಹಾಯಿಪಟದ ಕಂಬ ಮುರಿದು, ತುದಿ ಬ್ಲೇಡಿನಂತಾಗಿತ್ತು. ಯಾರನ್ನೂ ಕೇಳಲಿಲ್ಲ. ತೋಳು ಮುಳುಗಿಸಿ ಹಡಗನ್ನು ಕಿತ್ತು ತೆಗೆದು, ನೀರು ಸುರಿಸಿಕೊಂಡೇ ಹೋಗಿ ಮ್ಯಾನೇಜರ ಮೇಜಿನ ಮೇಲೆ ಇಟ್ಟಳು.

"ಇಗೋ, ನಿಮ್ಮ ರೋಗ."

ಮ್ಯಾನೇಜರ ಮುಖ ಕೆಂಪಾಯಿತು. "ಮೇಡಂ ಇಟ್ಟ ವಸ್ತು ಅದು. ನೀವು ನಾಳೆಯಿಂದ ಬರಬೇಡಿ. ಅವರು ಬಂದ್ಮೇಲೆ ಹೇಳಿ ಕಳಿಸ್ತೀನಿ."

ಮಾರನೆಯ ದಿನ ಉಪ್ಪಮ್ಮ ಬಾಗಿಲು ತೆಗೆಯುವ ಹೊತ್ತಿಗೇ ಹಾಜರ್. ರೋಗಿಗಳ ಸಾಲಿನಲ್ಲಿ ನಿಂತು ಟೋಕನ್ ತಗೊಂಡು, ತೊಟ್ಟಿಯ ಎದುರಿನ ಕುರ್ಚಿಯಲ್ಲೇ ಕೂತಳು.

"ಬರಬೇಡಿ ಅಂದಿದ್ನಲ್ಲ?" ಎಂದರು ಮ್ಯಾನೇಜರು.

"ಕೆಲಸಕ್ಕೆ ಬಂದಿಲ್ಲ ಸಾರ್. ಭುಜ ನೋವು. ನೀರು ಎತ್ತಿ ಎತ್ತಿ ಬಂದದ್ದು, ಸುಳ್ಳಲ್ಲ."

ಅವಳ ಸರದಿ ಬಂದಾಗ ಟೋಕನ್ನನ್ನು ಪಕ್ಕದವರಿಗೆ ಕೊಟ್ಟು ಹೊಸದೊಂದನ್ನು ತಂದಳು. ಊರುಗೋಲಿನ ಮುದುಕರೊಬ್ಬರು ಮುಸಿಮುಸಿ ನಗುತ್ತಾ ತಮ್ಮ ಟೋಕನ್ನನ್ನೂ ಚಾಚಿದರು. ದಿನವೂ ಇದೇ ನಡೆಯಿತು; ನಡುನಡುವೆ ಎದ್ದು ಗಾಲಿಕುರ್ಚಿ ಕೋಣೆಗೆ ಹೋಗಿ ಬರುತ್ತಿದ್ದಳು. ನಾದಿನಿ ಬಾಗಿಲು ಓರೆ ಮಾಡಿ, ಆಕಡೆ ಈಕಡೆ ನೋಡಿ ಒಳಗೆ ಬಿಡುತ್ತಿದ್ದಳು.

ಒಂದು ದಿನ ಗಾಯದ ಅಂಚಿನಲ್ಲಿ ಉಪ್ಪಮ್ಮನಿಗೆ ಹತ್ತಿಯಂಥ ಬಿಳುಪು ಕಂಡಿತು. ಸೋಂಕು ಹತ್ತುತ್ತಿತ್ತು. ಕೀವು ತಡೆಯುವ ಔಷಧವನ್ನು ಆ ಸಣ್ಣ ತೊಟ್ಟಿಗೆ ಮಾತ್ರ ಅಳತೆ ನೋಡಿ ಹಾಕಿದಳು. ನೀರು ಬದಲಿಸಿದಳು. ಮೀನು ಮೇವು ಬಿಟ್ಟು ಪೈಪಿನೊಳಗೆ ಸೇರಿಕೊಂಡಿತು. ನಾದಿನಿ ಮೀನನ್ನಲ್ಲ, ಅತ್ತಿಗೆಯ ಮುಖವನ್ನು ನೋಡುತ್ತಿದ್ದಳು. ಆಮೇಲೊಂದು ದಿನ ಆಕೆಯೇ ಹಾಲ್‌ಗೆ ಬಂದು ಕಿವಿಯಲ್ಲಿ ಹೇಳಿದಳು: "ಬನ್ನಿ ಅತ್ತಿಗೆ. ಪಾಚಿ ತಿಂತಾ ಇದೆ."

ಗಾಯ ಕೂಡಿ ಕಲೆಯಾದ ಮೇಲೆ ಡಾಕ್ಟರ ಹೆಂಡತಿ ಬಂದರು. ಮ್ಯಾನೇಜರ ದೂರು ಕೇಳಿ, ನಾದಿನಿಯನ್ನು ಮುಂದೆ ಬಿಟ್ಟುಕೊಂಡು ಸೀದಾ ಗಾಲಿಕುರ್ಚಿ ಕೋಣೆಗೇ ಬಂದು, ಮುರುಕು ಕುರ್ಚಿಯೊಂದರ ಮೇಲೆ ಕೂತು ಬಹಳ ಹೊತ್ತು ಮೀನನ್ನು ನೋಡಿದರು.

"ಹಡಗು ತೆಗೆಯೋ ಮೊದಲು ನನಗೊಂದು ಮಾತು ಹೇಳಬಹುದಿತ್ತು."

"ಹೇಳಬಹುದಿತ್ತು ಅಮ್ಮ. ನೀವು ಬೇಡ ಅಂದಿದ್ರೂ ತೆಗೀತಿದ್ದೆ. ಅದಕ್ಕೇ ಹೇಳಲಿಲ್ಲ."

ಅವರು ನಗಲಿಲ್ಲ. "ಈ ಕಲೆ ಹೋಗುತ್ತಾ?"

"ಇಲ್ಲ. ಉಳಿಯುತ್ತೆ."

"ಹಾಗಾದ್ರೆ ಇದನ್ನ ಮನೇಲಿ ಇಟ್ಕೊಳ್ಳಿ. ಹಾಲ್‌ಗೆ ಹೊಸದು ತರಿಸೋಣ."

"ಕಲೆ ಇದೆ ಅಂತ ಇದನ್ನ ಆಚೆ ಹಾಕೋದಾದ್ರೆ, ಕುಂಟಿಕೊಂಡು ಹೋಗೋರನ್ನ ಹಿಂಬಾಗಿಲಿಂದ ಕಳಿಸ್ತೀರಾ ಅಮ್ಮ? ಇದು ಗುಣ ಆಗಿದೆ. ಗುಣ ಆದವರು ಎದುರು ಬಾಗಿಲಿಂದಾನೇ ಹೋಗ್ತಾರೆ."

ಆಕೆ ಎದ್ದು ಸೀರೆ ಸರಿಮಾಡಿಕೊಂಡರು. "ನಿಮ್ಮ ಹತ್ತಿರ ಮಾತಾಡಿ ಗೆಲ್ಲೋಕಾಗಲ್ಲ. ನಾಳೆ ತೊಟ್ಟಿಗೆ ಬಿಡಿ."

"ಇವತ್ತೇ ಬಿಡ್ತೀನಿ," ಎಂದಳು ಉಪ್ಪಮ್ಮ.

ಜನ ತುಂಬಿದ್ದ ಹೊತ್ತಿನಲ್ಲೇ, ಹಾಲ್‌ನ ನಡುವೆ ಹಾದು, ಡಬ್ಬಿಯನ್ನು ತೊಟ್ಟಿಗೆ ಇಳಿಸಿದಳು. ಅಂದಿನಿಂದ ಮ್ಯಾನೇಜರು ಅವಳಿಗೆ ಹೇಳಬೇಕಾದ್ದನ್ನೆಲ್ಲ ನಾದಿನಿಗೆ ಹೇಳುತ್ತಾರೆ. ಅವಳು ಎದುರಿಗೇ ನಿಂತಿದ್ದರೂ ಅಷ್ಟೇ. ಅವಳೂ ನಾದಿನಿಯ ಕಡೆಗೆ ತಿರುಗಿಯೇ ಉತ್ತರ ಕೊಡುತ್ತಾಳೆ.

ಹಳದಿ ಮೀನು ಮೊದಮೊದಲು ಕಲ್ಲಿನ ಹಿಂದೆಯೇ ಇತ್ತು. ಅದರ ಜಾಗ ಆಕ್ರಮಿಸಿಕೊಂಡಿದ್ದ ನೀಲಿ ಮೀನೊಂದು ಬೆದರಿಸಲು ಬಂದಾಗ ಅದು ಕಲೆಯ ಪಕ್ಕೆಯನ್ನೇ ಮುಂದು ಮಾಡಿ, ಬಾಲದ ಮುಳ್ಳು ಬಿಚ್ಚಿ, ಒಂದೇ ಬೀಸಿಗೆ ಅದನ್ನು ಮೂಲೆಗಟ್ಟಿತು. ಉಪ್ಪಮ್ಮ ನೋಡಿದಳು, ತಲೆಯಾಡಿಸಿದಳು, ನೀರಿಗೆ ಉಪ್ಪು ಬೆರೆಸಲು ಹೋದಳು.