ಪಟ್ಟಿಯಕ್ಕನ ಹತ್ತು ಸೋಮವಾರ

ಟೀವಿ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಾರ್ಯಕ್ರಮ ಎಂಬ ಪಟ್ಟಿ ಮಾಡುವುದು ಅವಳ ಕೆಲಸ. ಎರಡನೆಯ ಮಹಡಿಯಲ್ಲಿ ಮೆಟ್ಟಿಲಿನ ಪಕ್ಕದ ಕೋಣೆ ಅವಳದು. ಒಂದು ಗೋಡೆಯ ತುಂಬ ಬಿಳಿ ಹಲಗೆ, ಹಲಗೆಯ ಮೇಲೆ ವಾರದ ಏಳು ದಿನಕ್ಕೆ ಏಳು ಸಾಲು, ಒಂದೊಂದು ಚೌಕಕ್ಕೂ ಒಂದೊಂದು ಬಣ್ಣದ ಚೀಟಿ. ಸುದ್ದಿಗೆ ನೀಲಿ, ಧಾರಾವಾಹಿಗೆ ಹಳದಿ, ಮಕ್ಕಳಿಗೆ ಹಸಿರು, ಮರುಪ್ರಸಾರಕ್ಕೆ ಬೂದು. ಬೇಸಿಗೆ ಬಂತೆಂದರೆ ಇಡೀ ಹಲಗೆಗೆ ಬೂದಿ ಬಳಿದಂತಾಗುತ್ತಿತ್ತು.

ಅದಕ್ಕೆ ಕಾರಣ ಕೇಳುವ ಪದ್ಧತಿಯೇ ಇರಲಿಲ್ಲ. ಬೇಸಿಗೆಯಲ್ಲಿ ನಟರಿಗೆ ರಜೆ, ಸ್ಟುಡಿಯೋಗೆ ಬೀಗ. ಕಚೇರಿಯ ಮುಖ್ಯಸ್ಥರು, ಅಂದರೆ ಎಲ್ಲರ ಬಾಯಲ್ಲೂ ‘ದೊಡ್ಡವರು’, ಹೆಂಡತಿ ಮಕ್ಕಳೊಂದಿಗೆ ಸಮುದ್ರತೀರಕ್ಕೆ ಹೋಗಿಬಿಡುತ್ತಿದ್ದರು. ಬೇಸಿಗೆಯಲ್ಲಿ ಟೀವಿ ನೋಡುವವರು ಯಾರಿದ್ದಾರೆ ಎಂದು ಅವರು ಪ್ರತಿವರ್ಷ ಹೇಳುತ್ತಿದ್ದರು. ಅದು ಪ್ರಶ್ನೆಯಲ್ಲ, ತೀರ್ಪು.

ಆದರೆ ಫೋನಿನಲ್ಲಿ ನೋಡುಗರ ದೂರು ಕೇಳುವ ಹುಡುಗಿಗೂ ಬೇಸಿಗೆಯಲ್ಲಿ ರಜೆ. ಅವಳ ಫೋನನ್ನು ಪಟ್ಟಿಯಕ್ಕನ ಮೇಜಿಗೆ ತಿರುಗಿಸಿ ಹೋಗುತ್ತಿದ್ದರು. ಹೀಗಾಗಿ ಹತ್ತೊಂಬತ್ತು ಬೇಸಿಗೆಗಳಲ್ಲಿ ಪಟ್ಟಿಯಕ್ಕನಿಗೆ ಯಾರು ಟೀವಿ ನೋಡುತ್ತಾರೆ ಎಂಬುದು ಕಚೇರಿಯ ಉಳಿದವರೆಲ್ಲರಿಗಿಂತ ಚೆನ್ನಾಗಿ ಗೊತ್ತಾಗಿತ್ತು. ಬೆಳಗಿನ ಪಾಳಿ ಮುಗಿಸಿ ಬಂದ ನರ್ಸು, ಕಾಲು ಮುರಿದುಕೊಂಡು ಮಂಚ ಹಿಡಿದ ಚಮ್ಮಾರ, ಗೋದಾಮು ಕಾಯುವವನು, ಅವಳಿ ಮಕ್ಕಳ ತಾಯಿ. ಇವರೆಲ್ಲ ಫೋನ್ ಮಾಡಿ ಹೇಳುತ್ತಿದ್ದುದು ಒಂದೇ ಮಾತು: ಇದನ್ನು ಹೋದ ವರ್ಷ ನೋಡಿದ್ದೆವಲ್ಲ. ಒಬ್ಬ ಹೆಂಗಸಂತೂ ಫೋನಿನಲ್ಲೇ ಧಾರಾವಾಹಿಯ ಮಾತುಗಳನ್ನು ನಾಯಕ ಬಾಯಿ ತೆರೆಯುವ ಮೊದಲೇ ಒಪ್ಪಿಸಿಬಿಟ್ಟಳು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ಪಟ್ಟಿಯಕ್ಕ ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು.

ಅವಳ ಮನೆಯಲ್ಲೂ ಬೇಸಿಗೆಗೆ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಗಂಡ ಬಸ್ಸು ಓಡಿಸುತ್ತಿದ್ದ. ಊರವರಿಗೆ ರಜೆಯಾದಾಗ ಅವನಿಗೆ ಕೆಲಸ ದುಪ್ಪಟ್ಟು. ಅತ್ತೆಗೆ ಸೋಫಾದ ಎಡತುದಿಯೇ ಸಿಂಹಾಸನ, ರಿಮೋಟೇ ರಾಜದಂಡ. ಯಾವ ಕಥೆಯೇ ಆಗಲಿ, ಮೂರನೆಯ ಕಂತಿಗೆ ಕೊಲೆಗಾರ ಯಾರೆಂದು ಹೇಳಿ ಉಳಿದವರ ಸುಖ ಹಾಳುಮಾಡುವುದರಲ್ಲಿ ಆಕೆ ಎತ್ತಿದ ಕೈ. ಹತ್ತೊಂಬತ್ತನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಆಕೆ ಸೊಸೆಗೆ ಹೇಳಿದಳು: “ನಾವು ನಮ್ಮ ಪಾಡಿಗೆ ಊರಲ್ಲೇ ಕೂತಿದ್ದೀವಿ. ನಿಮ್ಮ ಆಫೀಸಿನವರು ಮಾತ್ರ ಊರು ಖಾಲಿ ಅಂತಾರೆ. ಅವರಿಗೆ ಹೇಳೋರು ಯಾರೂ ಇಲ್ವಾ?”

ಆ ಮಾತು ಪಟ್ಟಿಯಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ವರ್ಷ, ಬೇಸಿಗೆಗೆ ಮೂರು ತಿಂಗಳಿರುವಾಗ ನಡೆದ ಸಭೆಯಲ್ಲಿ ಅವಳು ನೋಟ್‌ಬುಕ್ಕು ಹಿಡಿದು ಎದ್ದು ನಿಂತಳು. ಅಷ್ಟು ವರ್ಷದಲ್ಲಿ ಆ ಸಭೆಯಲ್ಲಿ ಅವಳು ಬಾಯಿ ಬಿಟ್ಟಿದ್ದು ಕಿಟಕಿ ಮುಚ್ಚಲೇ ಎಂದು ಕೇಳುವುದಕ್ಕೆ ಮಾತ್ರ. ಈ ಬೇಸಿಗೆಗೆ ಒಂದು ಹೊಸ ಧಾರಾವಾಹಿ ಮಾಡೋಣ, ಹಳೆಯದರ ಮರುಪ್ರಸಾರ ಬೇಡ ಎಂದಳು.

“ಬೇಸಿಗೇಲಿ ಯಾರೂ ಇರಲ್ಲಮ್ಮ,” ಎಂದರು ದೊಡ್ಡವರು.

“ಇಲ್ಲಿ ಇರಲ್ಲ ಸಾರ್. ಮನೆಗಳಲ್ಲಿ ಇರ್ತಾರೆ. ರಜೆಗೆ ಹೋಗೋರು ನೀವು, ಅವರಲ್ಲ.”

ಯಾರೋ ಕೆಮ್ಮಿದರು. ದೊಡ್ಡವರು ಕೋಪಿಷ್ಠರಲ್ಲ. ನೋಟ್‌ಬುಕ್ಕು ಇಸಕೊಂಡು ನಾಲ್ಕು ಪುಟ ಓದಿದರು, ನರ್ಸಿನ ಪುಟವನ್ನು ಎರಡು ಸಲ. ಆಮೇಲೆ ಷರತ್ತು ಹಾಕಿದರು. ಹತ್ತು ಸೋಮವಾರ, ರಾತ್ರಿ ಎಂಟಕ್ಕೆ, ಅರ್ಧ ಗಂಟೆ. ಹೊಸ ಸೆಟ್ ಕಟ್ಟುವಂತಿಲ್ಲ, ಹೊರಗೆ ಚಿತ್ರೀಕರಣ ಇಲ್ಲ, ಹೆಸರಾಂತ ನಟರನ್ನು ಕೇಳುವಂತಿಲ್ಲ. ನೆಲಕಚ್ಚಿದರೆ ಮತ್ತೆ ಮರುಪ್ರಸಾರವೇ. ಪಟ್ಟಿಯಕ್ಕ ಎಲ್ಲದಕ್ಕೂ ಹೂಂ ಎಂದಳು. ಇಷ್ಟು ಸಿಕ್ಕರೆ ಸಾಕೆಂದು ಲೆಕ್ಕ ಹಾಕಿಯೇ ಬಂದಿದ್ದಳು.

ಮೊದಲು ಅವಳು ಹೋದದ್ದು ಸೆಟ್ ಬಡಗಿಯ ಹತ್ತಿರ. ಆತ ದಿನಕ್ಕೆ ಇಪ್ಪತ್ತು ಮಾತಿಗಿಂತ ಹೆಚ್ಚು ಆಡುವವನಲ್ಲ. ಮೊಳೆ ಕಚ್ಚಿಕೊಂಡ ಬಾಯಿ ಎಂದು ಅವನನ್ನು ಹಾಸ್ಯ ಮಾಡುತ್ತಿದ್ದರು. ಉಗ್ರಾಣದಲ್ಲಿ ಏನೇನಿದೆ ಎಂದು ಕೇಳಿದ್ದಕ್ಕೆ ಟಾರ್ಚು ಹಿಡಿದು ಮುಂದೆ ನಡೆದ. ಯಾವುದೋ ಪತ್ತೇದಾರಿ ಕಥೆಗೆ ಮಾಡಿಸಿದ್ದ ಅಂಗಡಿಯೊಂದು ಅಲ್ಲಿ ಧೂಳು ತಿನ್ನುತ್ತಿತ್ತು. ಒಂದು ಉದ್ದ ಕೌಂಟರು, ಗೋಡೆಯುದ್ದಕ್ಕೂ ಗೂಡುಗಳು, ತೆರೆದರೆ ಗಂಟೆ ಬಾರಿಸುವ ಬಾಗಿಲು. ಪಟ್ಟಿಯಕ್ಕ ಬಾಗಿಲು ತೆರೆದು ಮುಚ್ಚಿ ನೋಡಿದಳು. ಫೋನ್ ಮಾಡುವವರೆಲ್ಲ ಮನೆಯಲ್ಲಿ ಕೆಟ್ಟುಹೋದದ್ದರ ಬಗ್ಗೆ ಎರಡು ಮಾತು ಆಡದೆ ಫೋನ್ ಇಡುತ್ತಿರಲಿಲ್ಲ: ಫ್ಯಾನು, ಇಸ್ತ್ರಿಪೆಟ್ಟಿಗೆ, ಗಡಿಯಾರ. ಅಲ್ಲೇ ನಿಂತು ನಿರ್ಧರಿಸಿದಳು, ಇದು ರಿಪೇರಿ ಅಂಗಡಿ. ಸೋಮವಾರಕ್ಕೊಬ್ಬರು ಕೆಟ್ಟುಹೋದ ವಸ್ತು ತರುತ್ತಾರೆ. ವಸ್ತುವಿನ ಹಿಂದೆ ಅವರ ಕಥೆ ಬರುತ್ತದೆ.

ಕಥೆ ಬರೆಯಲು ಶಾಲೆಯ ಮೇಷ್ಟ್ರೊಬ್ಬರನ್ನು ಹಿಡಿದಳು. ವರ್ಷವಿಡೀ ಮಕ್ಕಳಿಗೆ ನಾಟಕ ಬರೆದುಕೊಡುವ ಅವರಿಗೆ ಬೇಸಿಗೆಯಲ್ಲಿ ಕೈ ಖಾಲಿ. ನಾಟಕ ಕಂಪನಿಯವರಿಗೂ ಆಗ ಬಿಡುವು. ಅಲ್ಲಿಂದ ಅಂಗಡಿಯ ಯಜಮಾನನ ಪಾತ್ರಕ್ಕೆ ಗಟ್ಟಿ ಕಂಠದ, ಒಳ್ಳೆಯ ಮೀಸೆಯ ನಟನೊಬ್ಬ ಬಂದ. ಜೊತೆಗೆ ಒಬ್ಬ ನಡುವಯಸ್ಸಿನ ನಟಿ. ಆಕೆಯದು ಪಕ್ಕದ ಮನೆಯವಳ ಪಾತ್ರ: ಕಂತಿಗೊಮ್ಮೆ ಬಂದು ತನ್ನ ಮನೆಯ ಬೀಗದಕೈ ಅಂಗಡಿಯಲ್ಲಿ ಬಿಟ್ಟು, ಎರಡು ಮಾತಾಡಿ ಹೋಗುವುದಷ್ಟೆ.

ಚಿತ್ರೀಕರಣದ ಮೊದಲ ದಿನವೇ ಸ್ಟುಡಿಯೋದ ತಂಪು ಯಂತ್ರ ಕೈಕೊಟ್ಟಿತು. ಬೇಸಿಗೆಯಲ್ಲಿ ಅದನ್ನು ಬಿಚ್ಚಿ ಶುಚಿಮಾಡುವುದು ವಾಡಿಕೆ, ಅದರ ಅರ್ಧ ಭಾಗ ಇನ್ನೂ ಬಕೆಟ್ಟಿನಲ್ಲಿತ್ತು. ದೀಪಗಳ ಕಾವಿಗೆ ಎಲ್ಲರ ಮುಖದ ಬಣ್ಣ ಕತ್ತಿಗಿಳಿಯಿತು. ಇನ್ನೊಂದು ವಾರ ಮುಂದೂಡೋಣ ಎಂದು ಕ್ಯಾಮೆರಾದವನು ಹೇಳಿದ. ಪಟ್ಟಿಯಕ್ಕ ಒಪ್ಪಲಿಲ್ಲ. ನೋಡುವವರೂ ಬೆವರುತ್ತಲೇ ಕೂತಿರುತ್ತಾರೆ, ಬಣ್ಣ ಒರೆಸಿ, ಬೆವರು ಹಾಗೇ ಇರಲಿ ಎಂದಳು. ಹಾಗೇ ಆಯಿತು. ಮೊದಲ ಕಂತು ಪ್ರಸಾರವಾದ ಮಾರನೆಯ ದಿನ ಆರು ಫೋನು ಬಂದವು. ಟೀವಿಯಲ್ಲಿ ಇಷ್ಟು ದಿನಕ್ಕೆ ನಮ್ಮಂತೆ ಸೆಕೆಯಾದವರನ್ನು ಕಂಡೆ ಎಂದು ಗೋದಾಮಿನವನು ಹೇಳಿದ.

ನಾಲ್ಕನೆಯ ಕಂತಿನ ಹೊತ್ತಿಗೆ ಎಲ್ಲ ಸಲೀಸಾಗಿ ಸಾಗುತ್ತಿದೆ ಎನ್ನುವಾಗ ಮೀಸೆಯ ನಟ ಬುಧವಾರ ಮಧ್ಯಾಹ್ನ ಫೋನ್ ಮಾಡಿದ. ಸಿನಿಮಾವೊಂದರಲ್ಲಿ ಅವಕಾಶ ಸಿಕ್ಕಿದೆ, ನಾಳೆಯೇ ಹೊರಡಬೇಕು ಎಂದ. ಐದನೆಯ ಕಂತಿನ ಚಿತ್ರೀಕರಣ ಶುಕ್ರವಾರ, ಪ್ರಸಾರ ಸೋಮವಾರ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕುಳಿತರು. ಯಜಮಾನನೇ ಇಲ್ಲದ ಅಂಗಡಿಯಲ್ಲಿ ಏನು ಕಥೆ ಬರೆಯಲಿ ಎಂಬುದು ಅವರ ಅಳಲು. ಬೇರೊಬ್ಬನಿಗೆ ಅದೇ ಮೀಸೆ ಅಂಟಿಸಬಹುದು ಎಂದು ಯಾರೋ ಹೇಳಿದರು. ನಾಳೆ ಬೆಳಿಗ್ಗೆ ಹೇಳ್ತೀನಿ ಎಂದು ಪಟ್ಟಿಯಕ್ಕ ಚೀಲ ಎತ್ತಿಕೊಂಡಳು.

ಆ ಸಂಜೆ ಗಂಡನ ಬಸ್ಸಿನಲ್ಲಿ, ಅವನ ಸೀಟಿನ ಹಿಂದೆ ಎಂದಿನಂತೆ ಕುಳಿತಳು. ಹಿಂದಿನ ಸಾಲಿನಲ್ಲಿ ಮೂವರು ಹೆಂಗಸರು ಸೋಮವಾರದ ಕಂತಿನ ಬಗ್ಗೆ ಮಾತಾಡುತ್ತಿದ್ದರು. ಅವಳು ಕಿವಿ ನಿಮಿರಿಸಿದಳು. ಐದು ನಿಲ್ದಾಣ ದಾಟಿದರೂ ಮೀಸೆಯವನ ಸುದ್ದಿಯೇ ಬರಲಿಲ್ಲ. ಮಾತೆಲ್ಲ ಬೀಗದಕೈಯವಳದೇ. ಅವಳು ದಿನಾ ಎಲ್ಲಿಗೆ ಹೋಗುತ್ತಾಳೆ, ಮನೆಯಲ್ಲಿ ಯಾರೂ ಇಲ್ಲವೇ, ನಗುವಾಗ ಯಾಕೆ ಬಾಗಿಲ ಕಡೆ ತಿರುಗಿಕೊಳ್ಳುತ್ತಾಳೆ ಎಂದು ಅವರು ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಇಳಿಯುವ ಮೊದಲೇ ಪಟ್ಟಿಯಕ್ಕನಿಗೆ ದಾರಿ ಕಂಡಿತ್ತು.

ಮಾರನೆಯ ಬೆಳಿಗ್ಗೆ ಮೇಷ್ಟ್ರಿಗೆ ಹೇಳಿದಳು: ಯಜಮಾನ ರಜೆಗೆ ಹೋದ, ಎಲ್ಲ ಯಜಮಾನರೂ ಬೇಸಿಗೆಯಲ್ಲಿ ಹೋಗುವ ಹಾಗೆ. ಹೋಗುವಾಗ ಅಂಗಡಿಯ ಬೀಗದಕೈಯನ್ನು ಪಕ್ಕದ ಮನೆಯವಳಿಗೆ ಕೊಟ್ಟ. ಅವಳಿಗೆ ರಿಪೇರಿಯ ಗಂಧಗಾಳಿ ಗೊತ್ತಿಲ್ಲ. ಇನ್ನು ಬರೆಯಿರಿ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

ನಟಿಯೇ ಹಿಂಜರಿದಳು. ಮೂವತ್ತು ವರ್ಷ ರಂಗದ ಮೇಲೆ ಕಾಗದ ತಂದುಕೊಟ್ಟು, ದೀಪ ಹಚ್ಚಿ, ಬಾಗಿಲು ತೆರೆದು ಬದುಕಿದವಳು.

“ನನ್ನನ್ನ ಅರ್ಧ ಗಂಟೆ ಯಾರು ನೋಡ್ತಾರೆ?” ಎಂದು ಕೇಳಿದಳು.

“ನಿನ್ನೆ ಬಸ್ಸಲ್ಲಿದ್ದ ಮೂರು ಜನ ನೋಡಿದ್ರು,” ಎಂದಳು ಪಟ್ಟಿಯಕ್ಕ. “ನಿಮ್ಮ ಎರಡು ಮಾತಿಗೇ ಐದು ಸ್ಟಾಪು ಮಾತಾಡಿದ್ರು. ಅರ್ಧ ಗಂಟೆ ಕೊಟ್ಟರೆ ಇಳಿಯೋದನ್ನೇ ಮರೀತಾರೆ.”

ಶುಕ್ರವಾರ ನಟಿ ಕೌಂಟರಿನ ಆ ಬದಿಗೆ, ಯಜಮಾನನ ಜಾಗಕ್ಕೆ ಹೋಗಿ ನಿಂತಳು. ಗಿರಾಕಿ ತಂದ ಫ್ಯಾನನ್ನು ತಿರುವಿ ನೋಡಿ, “ಬಿಚ್ಚೋದು ನನಗೆ ಬರುತ್ತೆ. ಮುಚ್ಚೋದು ಬಂದರೆ ನಿಮ್ಮ ಅದೃಷ್ಟ,” ಎಂದಳು. ಕ್ಯಾಮೆರಾದವನಿಗೆ ನಗು ತಡೆಯಲಾಗದೆ ಆ ದೃಶ್ಯವನ್ನು ಎರಡನೆಯ ಸಲ ತೆಗೆಯಬೇಕಾಯಿತು. ನಿಜವಾದ ಸ್ಕ್ರೂಗಳನ್ನು ಹೇಗೆ ತಿರುಗಿಸಬೇಕೆಂದು ಬಡಗಿಯೇ ಮೊಣಕಾಲೂರಿ ಕೂತು ತೋರಿಸಿಕೊಟ್ಟ. ಅಂದು ಅವನು ಆಡಿದ ಮಾತು ನಲವತ್ತಾದರೂ ದಾಟಿರಬೇಕು.

ಮಂಗಳವಾರ ಪಟ್ಟಿಯಕ್ಕನಿಗೆ ಫೋನು ಕೆಳಗಿಡಲು ಬಿಡುವೇ ಸಿಗಲಿಲ್ಲ. ಏಳನೆಯ ವಾರಕ್ಕೆ ನೋಡುಗರ ಸಂಖ್ಯೆ ಚಳಿಗಾಲದ ಹಳದಿ ಚೀಟಿಯ ಧಾರಾವಾಹಿಗಳನ್ನೂ ಹಿಂದೆ ಹಾಕಿತು. ಎಂಟನೆಯ ಸೋಮವಾರ ಸಮುದ್ರತೀರದಿಂದ ದೊಡ್ಡವರ ಫೋನ್ ಬಂತು. ಹೋಟೆಲಿನ ಹಜಾರದಲ್ಲಿ ಅಡುಗೆಯವರು, ಕಸ ಗುಡಿಸುವವರು, ಗಿರಾಕಿಗಳು ಎಲ್ಲ ಒಟ್ಟಿಗೆ ಟೀವಿ ಮುಂದೆ ಕೂತಿದ್ದಾರೆ, ಊಟ ಬಡಿಸುವವರೇ ಇಲ್ಲ ಎಂದರು. ದೂರೋ ಮೆಚ್ಚುಗೆಯೋ ಅವರ ದನಿಯಲ್ಲಿ ಗೊತ್ತಾಗಲಿಲ್ಲ.

ಕೊನೆಯ ಕಂತಿನಲ್ಲಿ ಯಜಮಾನ ಹಿಂತಿರುಗುತ್ತಾನೆಂಬ ಕಾಗದ ಬರುತ್ತದೆ. ಪಕ್ಕದ ಮನೆಯವಳು ಅಂಗಡಿ ಗುಡಿಸಿ, ಬೀಗ ಹಾಕಿ, ಎದುರು ಬೀದಿಯಲ್ಲಿ ತನ್ನದೇ ಒಂದು ಅಂಗಡಿಯ ಬಾಗಿಲು ತೆರೆಯುತ್ತಾಳೆ. ಅತ್ತೆಗೆ ಆ ಹತ್ತು ವಾರದಲ್ಲಿ ಮುಂದೇನಾಗುತ್ತದೆಂದು ಒಂದು ಸಲವೂ ಸರಿಯಾಗಿ ಹೇಳಲಾಗಿರಲಿಲ್ಲ. ಆ ಅವಮಾನ ನುಂಗಿಕೊಂಡು, ಎಳೆಯದೆ ಮುಗಿಸಿದಿರಿ, ಒಳ್ಳೇದಾಯ್ತು ಎಂದಷ್ಟೇ ಹೇಳಿ ರಿಮೋಟು ಕೆಳಗಿಟ್ಟಳು.

ರಜೆ ಮುಗಿಸಿ ಬಂದ ದೊಡ್ಡವರು ಅದನ್ನು ಚಳಿಗಾಲಕ್ಕೆ ಎಳೆಯೋಣ, ಈಗ ಹೆಸರಾಂತ ನಟಿಯೊಬ್ಬಳನ್ನು ಹಾಕೋಣ ಎಂದರು. ಪಟ್ಟಿಯಕ್ಕ ಕಡ್ಡಿ ಮುರಿದಂತೆ ಆಗುವುದಿಲ್ಲ ಎಂದಳು.

“ಚಳಿಗಾಲಕ್ಕೆ ನಿಮ್ಮ ಹತ್ರ ಬೇಕಾದಷ್ಟಿದೆ ಸಾರ್. ಇದು ಊರಲ್ಲೇ ಉಳಿದವರದು. ಬೇಸಿಗೆ ನನಗೆ ಬಿಡಿ, ಮುಂದಿನ ವರ್ಷ ಬೇರೇದು ಮಾಡ್ತೀನಿ.”

ದೊಡ್ಡವರು ಬಿಟ್ಟರು. ಹೀಗೆ ಬೇಸಿಗೆ ಅವಳ ಪಾಲಿಗೆ ಬಂತು. ಎರಡನೆಯ ವರ್ಷದ ದೋಣಿಕಟ್ಟೆಯ ಕಥೆ ಗೆದ್ದಿತು. ಮೂರನೆಯದು ಮಕಾಡೆ ಮಲಗಿತು. ಅದನ್ನು ಅವಳೇ ಸಭೆಯಲ್ಲಿ ಎದ್ದು ಹೇಳಿದಳು: ತಪ್ಪು ನನ್ನದು, ಫೋನಿನ ಮಾತು ಬಿಟ್ಟು ನನಗೆ ತೋಚಿದ್ದನ್ನು ಮಾಡಿದೆ. ನಾಲ್ಕನೆಯದು ಮತ್ತೆ ಎದ್ದು ನಿಂತಿತು. ಬೀಗದಕೈಯ ನಟಿಗೆ ಈಗ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಕೊಡುತ್ತಾರೆ. ಬೇಸಿಗೆಗೆ ಮಾತ್ರ ಬಿಡುವು ಮಾಡಿಕೊಂಡು ಬರುತ್ತಾಳೆ.

ಈ ವರ್ಷ ಕೋಣೆಗೆ ಬಂದ ಬಡಗಿ ಬಾಗಿಲಲ್ಲೇ ನಿಂತು, ಈ ಸಲ ಏನು ಎಂಬಂತೆ ಹುಬ್ಬೆತ್ತಿದ.

“ಬಟ್ಟೆ ಒಗೆಯೋ ಅಂಗಡಿ,” ಎಂದಳು ಪಟ್ಟಿಯಕ್ಕ.

“ನೀರು ನಿಜವಾದ್ದಾ?”

“ನಿಜವಾದ್ದೇ.”

ಅವನು ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಸ್ಟುಡಿಯೋದ ಕೊಳಾಯಿ ಅಳೆಯಲು ಹೋದ.