ಮೂರನೆಯ ಬಟ್ಟೆ

“ಅಣ್ಣಾ, ಕೈ ಒರಸ್ಲಿಕ್ಕ ನಾ ಮೂರು ಬಟ್ಟಿ ಕೊಟ್ಟಿದ್ದೆರಿ. ಇಲ್ಲಿ ಎರಡೇ ಅವ ನೋಡ್ರಿ.”

ಕಮಲಾಪುರದ ಕೆಂಪುಬಾಳೆ ತೋಟದಲ್ಲಿ ಕೂಲಿ ಮಾಡುವ ಶಾಂತಾಬಾಯಿ ಹಾಗೆಂದಾಗ, ರಿಪೇರಿಗೆ ಬಂದಿದ್ದ ನನಗೆ ರೇಗಿಹೋಯಿತು. ಗೊನೆ ಸಾಗಿಸುವ ನಾಲ್ಕು ಗಾಲಿಯ ಸಣ್ಣ ಬೈಕಿನ ಎಂಜಿನ್ ಹೆಡ್ ಬಿಚ್ಚಿ, ಹೊಸ ಪಿಸ್ಟನ್, ರಿಂಗು ಹಾಕಿ ಮುಚ್ಚಿದ್ದೆ. ಎಷ್ಟು ಕಿಕ್ ಹೊಡೆದರೂ ಅದು ಒಮ್ಮೆಯೂ ಕೆಮ್ಮಿರಲಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇತ್ತು, ಕಾರ್ಬುರೇಟರಿಗೆ ಪೆಟ್ರೋಲ್ ಬರುತ್ತಿತ್ತು. ಟೈಮಿಂಗ್ ಮೂರು ಸಲ ನೋಡಿದ್ದೆ. ಕಾಲು ಸೋತು ಕುಳಿತು, ಮತ್ತೆ ಹೆಡ್ ಬಿಚ್ಚಲು ಪಾನಾ ಹಿಡಿದಿದ್ದೆ.

“ಹರಕ ಬಟ್ಟಿಗಿ ಇಷ್ಟ್ಯಾಕ ಲೆಕ್ಕ ಯವ್ವಾ?” ಎಂದೆ.

“ಇವು ಗೊನಿಗಿ ಕಟ್ಟೋ ಬಟ್ಟಿರಿ. ಒಂದು ಕಮ್ಮಿ ಬಿದ್ರ ಒಂದು ಗೊನಿ ಬಿಸಿಲಿಗಿ ಸುಡ್ತದ.”

ಆಗ ನೆನಪಾಯಿತು. ಧೂಳು ಒಳಹೋಗದಿರಲೆಂದು ಎಂಜಿನ್ನಿನಲ್ಲಿ ಕಾರ್ಬುರೇಟರ್ ಕೂರುವ ಬಾಯಿಗೆ ಒಂದು ಬಟ್ಟೆ ತುರುಕಿದ್ದೆ. ತೆಗೆಯುವುದನ್ನು ಮರೆತು ಮೇಲೆ ಕಾರ್ಬುರೇಟರ್ ಬಿಗಿದಿದ್ದೆ. ಬಿಚ್ಚಿ, ಅದನ್ನು ಎಳೆದು ತೆಗೆದೆ. ಎರಡನೆಯ ಕಿಕ್ಕಿಗೆ ಗಾಡಿ ಶುರುವಾಯಿತು. ಶಾಂತಾಬಾಯಿ ಪೆಟ್ರೋಲ್ ವಾಸನೆಯ ಬಟ್ಟೆಯನ್ನು ಹಿಂಡಿ, ಝಾಡಿಸಿ, ಉಳಿದೆರಡರ ಜೊತೆ ಮಡಚಿಕೊಂಡರು.

ಸದ್ದು ಕೇಳಿ ತೋಟದ ಮಾಲೀಕರು ಬಂದು, “ಏನಾಗಿತ್ತು?” ಎಂದರು.

“ಏನೋ ಕಸ ಸಿಕ್ಕೊಂಡಿತ್ತರಿ” ಎಂದೆ.

ಈಗ ಕಲಬುರಗಿಯ ಗಾಜಿಪುರದ ನನ್ನ ಅಂಗಡಿಯಲ್ಲಿ ಎಂಜಿನ್ ಮುಚ್ಚುವ ಮೊದಲು ಬಟ್ಟೆ ಎಣಿಸುತ್ತೇನೆ. ಎಣಿಸುವಾಗಲೆಲ್ಲ, ಆ ಬಟ್ಟೆಯನ್ನು ಕಸ ಎಂದದ್ದು ನೆನಪಾಗುತ್ತದೆ. ಶಾಂತಾಬಾಯಿ ಅಲ್ಲೇ ನಿಂತು ಕೇಳಿಸಿಕೊಂಡಿದ್ದರು.