ನೀಲಿ ಮೊಟ್ಟೆಗೆ ನಾನೇ ಸಾಕ್ಷಿ

ಬಣ್ಣದಂಗಡಿಯಲ್ಲಿ ನಮ್ಮವರನ್ನು ಎಲ್ಲರೂ ಕಣ್ಣಣ್ಣ ಎಂದೇ ಕರೆಯುತ್ತಾರೆ. ಗಿರಾಕಿ ಹಳೆಯ ಬಾಗಿಲಿನ ಚೂರೊಂದನ್ನು ತಂದು ಇದೇ ಬಣ್ಣ ಬೇಕು ಎಂದರೆ, ಇವರು ಅದನ್ನು ಕಿಟಕಿಯ ಬಳಿ ಒಮ್ಮೆ ಹೊರಳಿಸಿ ನೋಡುತ್ತಾರೆ. ಆಮೇಲೆ ಡಬ್ಬಿಗೆ ಇಷ್ಟು ಹನಿ ಕಪ್ಪು, ಇಷ್ಟು ಹನಿ ಹಳದಿ ಹಾಕಿ ಕಡ್ಡಿಯಿಂದ ಕಲಕಿ ಕೊಡುತ್ತಾರೆ. ಬಳಿದ ಮೇಲೆ ಹಳೆಯದು ಯಾವುದು ಹೊಸದು ಯಾವುದು ಎಂದು ಬಳಿದವನಿಗೂ ಗೊತ್ತಾಗುವುದಿಲ್ಲ. ಮೂವತ್ತೆಂಟು ವರ್ಷ ಮಾಡಿದ್ದು ಇದೊಂದೇ ಕೆಲಸ. ಅಂಥವರ ಕಣ್ಣು ಕೈಕೊಡುತ್ತಿದೆ ಎಂದು ನನಗೆ ಮೊದಲು ತಿಳಿದದ್ದು ನಮ್ಮ ಅಡುಗೆಮನೆಯಲ್ಲಿ.

ಗೋಡೆಗೆ ಹಾಲಿನಂಥ ಬಿಳಿ ಬಳಿಯುತ್ತೇನೆಂದು ಕೂತರು. ಬಿಳಿ ಯಾಕೋ ಹಳದಿ ಹೊಡೆಯುತ್ತಿದೆ ಎಂದು ಒಂದೊಂದೇ ಹನಿ ನೀಲಿ ಸೇರಿಸುತ್ತ ಹೋದರು, ಬಿಳಿ ಬಟ್ಟೆಗೆ ನೀಲಿ ಹಾಕುವ ಹಾಗೆ. ಒಣಗಿದ ಮೇಲೆ ನೋಡಿದರೆ ನಾಲ್ಕು ಗೋಡೆಯೂ ನೀಲಿ. ಹೇಗಿದೆ ಬಿಳಿ ಎಂದು ಕೇಳಿದರು. ಬ್ರಷ್ಷು ಹಿಡಿದು ನಿಂತಿದ್ದ ಆ ಮುಖ ನೋಡಿ, ಚೆನ್ನಾಗಿದೆ ಎಂದುಬಿಟ್ಟೆ. ನನ್ನ ಸಂಕಟ ಅಲ್ಲಿಂದ ಶುರುವಾಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮತ್ತೆಯನ್ನು ನೀವು ನೋಡಿಲ್ಲ. ಅವರು ಕಣ್ಣಿನ ಪೊರೆ ತೆಗೆಸಿಕೊಂಡು, ಅದು ಕೀವಾಗಿ, ಇದ್ದ ಬೆಳಕನ್ನೂ ಕಳೆದುಕೊಂಡು ಹನ್ನೆರಡು ವರ್ಷ ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ತಟ್ಟೆಯಲ್ಲಿ ಏನು ಎಲ್ಲಿದೆ ಎಂದು ಇವರೇ ಹೇಳಿ ಹೇಳಿ ಉಣ್ಣಿಸುತ್ತಿದ್ದರು. ಆಮೇಲೂ ಕಣ್ಣಾಸ್ಪತ್ರೆಯ ಮಾತೆತ್ತಿದರೆ ಇವರು ತಟ್ಟೆ ಬಿಟ್ಟು ಏಳುತ್ತಿದ್ದರು. ಮೊದಲೇ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಹೇಳಿದರೆ ಕೆಲಸ ಬಿಟ್ಟು ಆ ಕುರ್ಚಿಯಲ್ಲಿ ಕೂತುಬಿಟ್ಟಾರು ಎಂಬ ಭಯ ನನಗೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಹೀಗಿರುವಾಗ ಒಂದು ಭಾನುವಾರ ಇದ್ದಕ್ಕಿದ್ದಂತೆ, ಹಿತ್ತಲಲ್ಲಿ ಕೋಳಿ ಸಾಕೋಣ ಎಂದರು. ಅದೂ ಬಣ್ಣಬಣ್ಣದ ಮೊಟ್ಟೆ ಇಡುವ ಕೋಳಿಯೇ ಆಗಬೇಕಂತೆ. ಕೊಕ್ಕು ಕಂಡರೆ ನನಗೆ ಹೆದರಿಕೆ, ಹಗಲೆಲ್ಲ ಅವನ್ನು ನೋಡಿಕೊಳ್ಳಬೇಕಾದವಳೂ ನಾನೇ. ಆದರೆ ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ? ನಿನಗೋಸ್ಕರ ಸಾಧು ಕೋಳಿಗಳನ್ನೇ ಆರಿಸೋಣ ಎಂದು ಸಮಾಧಾನ ಮಾಡಿ ಕರೆದುಕೊಂಡು ಹೊರಟರು.

ಊರ ಅಂಚಿನಲ್ಲಿ ನಿವೃತ್ತರಾದ ಟೀಚರೊಬ್ಬರು ಇಂಥ ಕೋಳಿಗಳನ್ನು ಸಾಕಿದ್ದರು. ಪುಕ್ಕದ ಅಂದ ನೋಡಿ ಮರುಳಾಗಬೇಡಿ ಎಂದು ನಮ್ಮಿಬ್ಬರನ್ನೂ ಅಂಗಳದಲ್ಲಿ ಮಣೆ ಹಾಕಿ ಕೂರಿಸಿ, ಅಂಗೈಗೆ ನುಚ್ಚು ಸುರಿದರು. ಮೊದಲು ಓಡಿಬರುವುದು ಸಾಧು ಅಲ್ಲ, ಹೊಟ್ಟೆಬಾಕ. ನುಚ್ಚು ಮುಗಿದ ಮೇಲೂ ಪಕ್ಕದಲ್ಲೇ ನಿಲ್ಲುವುದು, ಬೆನ್ನ ಮೇಲೆ ಕೈಯಿಟ್ಟರೆ ಹಾರದೆ ಕುಕ್ಕರಿಸುವುದು ಸಾಧು ಎಂದರು. ಹಾಗೆ ಒಂದು ಗಂಟೆ ಕೂತು ಮೂರನ್ನು ಆರಿಸಿದೆವು. ಕೆನ್ನೆಯ ತುಂಬ ಗಡ್ಡವಿದ್ದ ಬೂದು ಕೋಳಿ ಗಡ್ಡಮ್ಮ, ಅದರದು ನೀಲಿ ಮೊಟ್ಟೆ. ಸದಾ ಗೊಣಗುತ್ತಿದ್ದ ಬಾಯಿಬಡುಕಿಯದು ಹಸಿರು. ಕಪ್ಪು ಮೈಯ ಮಂದಮ್ಮನದು ಗಾಢ ಕಂದು. ಒಂದು ಕೋಳಿಯ ಮೊಟ್ಟೆಯ ಬಣ್ಣ ಎಂದಾದರೂ ಬದಲಾಗುತ್ತದೆಯೇ ಎಂದು ಇವರು ಮೂರು ಸಲ ಕೇಳಿದರು. ನೀಲಿಯದು ಸಾಯುವವರೆಗೂ ನೀಲಿಯೇ, ಹಸಿರು ಹಸಿರೇ ಎಂದು ಟೀಚರೂ ಮೂರು ಸಲ ಹೇಳಿದರು. ಬಣ್ಣದವರ ಚಾಳಿ ಎಂದುಕೊಂಡೆ ನಾನು.

ಹಿತ್ತಲಲ್ಲಿ ಮೂರು ಪೆಟ್ಟಿಗೆ ಮಾಡಿ, ಹುಲ್ಲು ಹಾಸಿ, ಒಬ್ಬೊಬ್ಬಳಿಗೆ ಒಂದೊಂದು ಎಂದು ಗೊತ್ತುಮಾಡಿದರು. ಅಂಗಡಿಯ ಡಬ್ಬಿಗಳ ಹಾಗೆ ತಂತಮ್ಮ ಜಾಗದಲ್ಲಿ ಇರುತ್ತವೆ ಎಂದುಕೊಂಡಿದ್ದರೇನೋ. ಮೂರೂ ಎಷ್ಟು ಸಾಧು ಎಂದರೆ ನಡುವಿನ ಪೆಟ್ಟಿಗೆಯಲ್ಲೇ ಸಾಲುಗಟ್ಟಿ ಮೊಟ್ಟೆ ಇಟ್ಟವು, ಕೆಲವೊಮ್ಮೆ ಒಂದರ ಮೇಲೊಂದು ಕೂತು. ಉಳಿದೆರಡು ಪೆಟ್ಟಿಗೆ ಖಾಲಿ ಬಿದ್ದವು. ಇವರು ಎರಡು ವಾರ ಕೋಳಿಗಳನ್ನು ಎತ್ತಿ ಎತ್ತಿ ತಂತಮ್ಮ ಪೆಟ್ಟಿಗೆಯಲ್ಲಿ ಕೂರಿಸಿ ಸೋತರು. ಯಾವ ಪೆಟ್ಟಿಗೆಯಲ್ಲಿಟ್ಟರೆ ಏನು, ಮೊಟ್ಟೆ ಮೊಟ್ಟೆಯೇ ಎಂದು ನಾನು ನಕ್ಕೆ. ಇವರು ನಗಲಿಲ್ಲ.

ಆಮೇಲೆ ಹೊಸ ರೂಢಿ ಶುರುವಾಯಿತು. ಹಿಂದಿನ ದಿನ ನಾನು ತೆಗೆದಿಟ್ಟ ಮೊಟ್ಟೆಗಳಲ್ಲಿ ಒಂದನ್ನು ಬೆಳಿಗ್ಗೆ ಹಿತ್ತಲ ಬಾಗಿಲ ಬೆಳಕಿಗೆ ಹಿಡಿದು, ಇದು ಗಡ್ಡಮ್ಮನದು, ನೀಲಿ, ಅಲ್ಲವಾ ಎಂದು ಕೇಳುವರು. ಕೈಯಲ್ಲಿರುವುದು ಬಾಯಿಬಡುಕಿಯ ಹಸಿರು. ನಾನು ಹೌದು ಎನ್ನುವೆ. ಮರುದಿನ ನೀಲಿಯನ್ನು ಹಸಿರು ಎನ್ನುವರು. ಅದಕ್ಕೂ ಹೌದು. ಒಂದು ಬೆಳಿಗ್ಗೆ ತಮ್ಮ ಬಿಳಿ ಅಂಗಿಯೂ ಹಳದಿಯಾಗಿದೆ ಎಂದು ನನ್ನ ಮೇಲೆ ರೇಗಿದಾಗ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಾಲಿಗೆಯ ತುದಿಗೆ ಬಂತು. ಚಹಾದ ಜೊತೆ ನುಂಗಿಕೊಂಡೆ. ಹೌದು ಎನಿಸಿಕೊಂಡ ದಿನ ಶಿಳ್ಳೆ ಹಾಕುತ್ತ ಅಂಗಡಿಗೆ ಹೋಗುತ್ತಿದ್ದರು. ಆ ಶಿಳ್ಳೆಗಾಗಿ ನಾನು ಆರು ತಿಂಗಳು ಸುಳ್ಳು ಹೇಳಿದೆ.

ಒಂದು ಮಧ್ಯಾಹ್ನ ಅಂಗಡಿಯ ಮಾಲೀಕ ಫೋನ್ ಮಾಡಿದ. ಯಾರದೋ ಮನೆಯ ನಡುಮನೆಯಲ್ಲಿ ಒಂದೇ ಗೋಡೆ ಎರಡು ನೀಲಿಯಾಗಿದೆಯಂತೆ. ಮೊದಲ ಡಬ್ಬಿ ಒಂದು ಥರ, ಎರಡನೆಯದು ಇನ್ನೊಂದು ಥರ. ಈ ತಿಂಗಳಲ್ಲಿ ಇದು ಮೂರನೆಯ ದೂರಂತೆ.

"ಅತ್ತಿಗೆ, ಕಣ್ಣು ಒಂದ್ಸಲ ತೋರಿಸ್ಕೊಳ್ಳಿ ಅಂತ ಅಣ್ಣನಿಗೆ ಆಗ್ಲೇ ಹೇಳಿದ್ದೆ," ಎಂದ. "ದಿನಾ ಬೆಳಗ್ಗೆ ಮೊಟ್ಟೆ ಇಟ್ಕೊಂಡು ನಾನೇ ಪರೀಕ್ಷೆ ಮಾಡ್ಕೋತೀನಿ, ಒಂದಿನಾನೂ ತಪ್ಪಿಲ್ಲ, ನಮ್ಮನೆಯವಳೇ ಸಾಕ್ಷಿ ಅಂದ್ರು. ನೀವು ಹೇಳಿದ್ಮೇಲೆ ಸರಿ ಇರುತ್ತೆ ಅಂತ ನಾನೂ ಸುಮ್ಮನಾದೆ."

ಮೂರು ಪೆಟ್ಟಿಗೆ, ಮೂರು ಸಲ ಕೇಳಿದ ಪ್ರಶ್ನೆ ಎಲ್ಲ ಆಗ ಅರ್ಥವಾಯಿತು. ಪೆಟ್ಟಿಗೆ ನೋಡಿ ತಮ್ಮ ಉತ್ತರವನ್ನು ತಾವೇ ತಾಳೆ ನೋಡಿಕೊಳ್ಳುವ ಲೆಕ್ಕಾಚಾರ ಅದು. ಕೋಳಿಗಳು ಅದನ್ನು ಕೆಡಿಸಿದ ಮೇಲೆ ಇವರು ನನ್ನನ್ನು ನಂಬಿದ್ದರು. ಆ ಮನೆಯ ಗೋಡೆ ಕೆಡಿಸಿದ್ದು ಇವರಲ್ಲ, ನಾನು.

ಮರುದಿನ ಬೆಳಿಗ್ಗೆ ಇವರು ಮೊಟ್ಟೆ ಎತ್ತಿ ಬೆಳಕಿಗೆ ಹಿಡಿದರು.

"ಇದು ಬಾಯಿಬಡುಕಿದು. ಹಸಿರು. ಅಲ್ವಾ?"

ಒಲೆಯ ಕಟ್ಟೆಯನ್ನು ಹಿಡಿದುಕೊಂಡೆ. "ಅಲ್ಲಾರೀ. ನೀಲಿ."

ಇವರು ಮೊಟ್ಟೆಯನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟು ನನ್ನ ಕಡೆ ತಿರುಗಿದರು. "ಇವತ್ತೊಂದಿನಾನಾ?"

"ಮೊದಲ್ನೇ ದಿನದಿಂದ."

ಕೂಗಾಡುತ್ತಾರೆಂದು ಕಾದೆ. ಕೂಗಾಡಲಿಲ್ಲ, ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತರು. ಗಡ್ಡಮ್ಮ ಬಂದು ಇವರ ಪಾದದ ಪಕ್ಕ ಕುಕ್ಕರಿಸಿತು. ಹೇಳಲು ನಿನಗೇನಾಗಿತ್ತು ಎಂದು ಕೇಳಿದರು. ಹೆದರಿಕೆ ಎಂದೆ. ಕೋಳಿಯ ಬೆನ್ನು ಸವರುತ್ತ, ನನಗೂ ಅದೇ ಎಂದರು. ಅಂದು ಅಂಗಡಿಗೆ ಹೋಗಲಿಲ್ಲ, ನನ್ನ ಜೊತೆ ಕಣ್ಣಾಸ್ಪತ್ರೆಗೆ ಬಂದರು.

ಆಸ್ಪತ್ರೆಯವರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಈಗಿನ ಕಾಲದಲ್ಲಿ ಇದೇನೂ ದೊಡ್ಡದಲ್ಲ ಎಂದರು. ಮೊದಲು ಬಲಗಣ್ಣು. ಒಳಗೆ ಹೋಗುವಾಗ ಇವರು ನನ್ನ ಕೈ ಬಿಡಲಿಲ್ಲ, ನರ್ಸ್ ಬಿಡಿಸಬೇಕಾಯಿತು. ಬಾಗಿಲ ಹೊರಗೆ ಕೂತ ಮುಕ್ಕಾಲು ಗಂಟೆ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮತ್ತೆಯ ಕುರ್ಚಿಯೊಂದೇ.

ಮರುದಿನ ಪಟ್ಟಿ ಬಿಚ್ಚಿದರು. ದಾರಿಯುದ್ದಕ್ಕೂ ಇವರು ಅಂಗಡಿಗಳ ಬೋರ್ಡುಗಳನ್ನೇ ನೋಡುತ್ತ ಬಂದರು. ಮನೆಗೆ ಬಂದವರೇ ನೆಟ್ಟಗೆ ಅಡುಗೆಮನೆಗೆ ಹೋಗಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನಾಲ್ಕು ಗೋಡೆಯನ್ನೂ ನೋಡಿದರು.

"ಒಂದು ವರ್ಷ ಇದರೊಳಗೇ ಅಡುಗೆ ಮಾಡಿದ್ಯೇನೇ?"

ಹೂಂ ಎಂದೆ. ಅಳುವೂ ಬಂತು ನಗುವೂ ಬಂತು. ಇವರು ಬುಟ್ಟಿಗೆ ಕೈಹಾಕಿ ಮೊಟ್ಟೆಯೊಂದನ್ನು ತೆಗೆದು ಬೆಳಕಿಗೆ ಹಿಡಿದರು. "ಇದು ನೀಲಿ. ಅಲ್ವಾ?"

ನಿಜಕ್ಕೂ ನೀಲಿಯೇ. ಇಷ್ಟು ದಿನ ಬಾಯಿಪಾಠವಾಗಿದ್ದ ಹೌದು ಈ ಸಲ ಎದೆಯಿಂದ ಬಂತು.

ಇವರು ನನ್ನ ಮುಖ ನೋಡಿದರು. ಆಮೇಲೆ, ತಡಿ, ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿಕೊಂಡು ಬರುತ್ತೇನೆ ಎಂದು ಮೊಟ್ಟೆ ಹಿಡಿದುಕೊಂಡು ಹೊರಟರು. ನಾನು ನೀಲಿ ಅಡುಗೆಮನೆಯಲ್ಲಿ ನಿಂತು ಪಕ್ಕದ ಮನೆಯವರು ಏನು ಹೇಳುತ್ತಾರೋ ಎಂದು ಕಾದೆ.